‘ವಲಸೆ’ ಎಂಬ ಒಂದು ಪದದ ಪಾಠ

ವಲಸೆ ಮತ್ತು ಪೌರತ್ವದ ರಾಜಕೀಯವನ್ನು ಇಂದು ವಿಶ್ವವಿದ್ಯಾಲಯಗಳಲ್ಲಿ ಕಲಿಸುತ್ತಾರೆ. ಕಾನೂನು, ಇತಿಹಾಸ, ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಓದುತ್ತಾರೆ. ಸಂವಿಧಾನದ ವಿಧಿಗಳ ಪಟ್ಟಿಯನ್ನಷ್ಟೇ ಬರೆಸಿದರೆ ಪರೀಕ್ಷೆ ಮುಗಿದ ಮರುದಿನವೇ ಪಾಠ ಮರೆತುಹೋಗುತ್ತದೆ. ಆ ವಿಧಿಗಳಿಂದ ಯಾರ ಬದುಕು ಹೇಗೆ ಬದಲಾಯಿತು ಎಂದು ಕೇಳಬೇಕು. ಅದಕ್ಕೆ 1948ರ ಪರ್ಮಿಟ್ ವ್ಯವಸ್ಥೆ ಒಳ್ಳೆಯ ಆರಂಭ.

ವಿಭಜನೆಯ ಗಲಭೆಗಳಲ್ಲಿ ದೆಹಲಿ ಮತ್ತು ಉತ್ತರ ಭಾರತದ ಅನೇಕ ಮುಸ್ಲಿಂ ಕುಟುಂಬಗಳು ಪ್ರಾಣಭಯದಿಂದ ಪಾಕಿಸ್ತಾನಕ್ಕೆ ಹೋದವು. ಪರಿಸ್ಥಿತಿ ತಿಳಿಯಾದಾಗ ಹಲವರು ಹುಟ್ಟೂರಿಗೆ ಮರಳತೊಡಗಿದರು. ಅಷ್ಟರಲ್ಲಿ ಅವರು ಬಿಟ್ಟುಹೋದ ಎಷ್ಟೋ ಮನೆಗಳಲ್ಲಿ, ಆ ಕಡೆಯಿಂದ ಸರ್ವಸ್ವವನ್ನೂ ಕಳೆದುಕೊಂಡು ಬಂದ ಹಿಂದೂ, ಸಿಖ್ ನಿರಾಶ್ರಿತರು ನೆಲೆಸಿದ್ದರು. ಇಬ್ಬರ ಸಂಕಟವೂ ನಿಜವಾಗಿತ್ತು. 1948ರ ಜುಲೈನಲ್ಲಿ ಸರಕಾರವು ಸುಗ್ರೀವಾಜ್ಞೆ ಹೊರಡಿಸಿ, ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯಗೊಳಿಸಿತು. ತಾತ್ಕಾಲಿಕ ಭೇಟಿಗೆ ಒಂದು ಬಗೆಯ ಪರ್ಮಿಟ್, ಶಾಶ್ವತವಾಗಿ ಮರಳುವುದಕ್ಕೆ ಇನ್ನೊಂದು. ಕೈಗೆ ಸಿಕ್ಕ ಕಾಗದ ಯಾವುದೆಂಬುದು ಮುಂದಿನ ಬದುಕನ್ನೇ ನಿರ್ಧರಿಸಿತು.

1949ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆ ಪೌರತ್ವದ ವಿಧಿಗಳನ್ನು ಚರ್ಚಿಸಿತು. 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರು ಭಾರತದ ಪೌರರಲ್ಲ ಎಂದು 7ನೇ ವಿಧಿ ಹೇಳುತ್ತದೆ. ಆದರೆ ಶಾಶ್ವತ ಮರಳುವಿಕೆಯ ಪರ್ಮಿಟ್ ಪಡೆದು ಬಂದವರಿಗೆ ಅದರಲ್ಲೇ ಒಂದು ಬಾಗಿಲು ತೆರೆದಿಡಲಾಯಿತು. ಕೆಲವು ಸದಸ್ಯರು ಈ ವಿನಾಯಿತಿಯನ್ನು ತೀವ್ರವಾಗಿ ವಿರೋಧಿಸಿದರು. ನೆಹರೂ ಮತ್ತು ಗೋಪಾಲಸ್ವಾಮಿ ಅಯ್ಯಂಗಾರ್ ಅದನ್ನು ಸಮರ್ಥಿಸಿದರು. ವಿನಾಯಿತಿ ಉಳಿಯಿತು.

ಹಾಗಾದರೆ ‘ವಲಸೆ’ ಎಂದರೇನು? ಜೀವ ಉಳಿಸಿಕೊಳ್ಳಲು ಕೆಲವು ತಿಂಗಳು ಗಡಿ ದಾಟಿದ್ದೂ ವಲಸೆಯೇ? ಶಾಶ್ವತವಾಗಿ ನೆಲೆಸುವ ಉದ್ದೇಶವಿದ್ದರೆ ಮಾತ್ರ ವಲಸೆ ಎಂಬ ಅರ್ಥವನ್ನು 1960ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತ್ತು. 1966ರಲ್ಲಿ ಅದೇ ನ್ಯಾಯಾಲಯ ಆ ಅರ್ಥವನ್ನು ಬದಿಗಿಟ್ಟು, ಅಲ್ಪಾವಧಿಯ ಭೇಟಿಯನ್ನು ಬಿಟ್ಟು ಉಳಿದಂತೆ ಗಡಿ ದಾಟಿ ಹೋಗುವುದೂ ವಲಸೆಯಾಗಬಹುದು ಎಂಬ ವಿಶಾಲ ಅರ್ಥವನ್ನು ಎತ್ತಿಹಿಡಿಯಿತು. ಈ ಎರಡು ತೀರ್ಪುಗಳ ಜೊತೆಗೆ ಅವಕ್ಕೂ ಹಿಂದಿನ 1954ರ ತೀರ್ಪನ್ನೂ ಇಟ್ಟು ಓದಬೇಕು. ಪರ್ಮಿಟ್ ನಿಯಮ ಉಲ್ಲಂಘಿಸಿದನೆಂಬ ಸಂಶಯದ ಮೇಲೆ ದೇಶದ ಪೌರನನ್ನೇ ಹೊರಹಾಕಲು ಅವಕಾಶ ಕೊಟ್ಟಿದ್ದ ಕಾನೂನಿನ ಸೆಕ್ಷನ್ ಪೌರರ ಮಟ್ಟಿಗೆ ಅಸಿಂಧು ಎಂದು ಅಂದು ನ್ಯಾಯಾಲಯ ಹೇಳಿತ್ತು. ಸಭೆಯ ಚರ್ಚೆ, ಕಾನೂನು, ತೀರ್ಪು ಈ ಮೂರನ್ನೂ ಒಟ್ಟಿಗೆ ಓದಿದ ವಿದ್ಯಾರ್ಥಿಗೆ ಪೌರತ್ವದ ಅರ್ಥವು ವಾದ-ವಿವಾದಗಳಿಂದ ರೂಪುಗೊಳ್ಳುತ್ತದೆ ಎಂಬುದು ಮನದಟ್ಟಾಗುತ್ತದೆ.

ಈ ಪ್ರಶ್ನೆ ವಿಭಜನೆಯೊಂದಿಗೆ ಮುಗಿಯಲಿಲ್ಲ. 1955ರ ಪೌರತ್ವ ಕಾಯ್ದೆಯ ಮೂಲ ರೂಪದಲ್ಲಿ, ಬಹುಮಟ್ಟಿಗೆ ಈ ನೆಲದಲ್ಲಿ ಹುಟ್ಟಿದ್ದೇ ಸಾಕಾಗಿತ್ತು. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕೆಂಬ ಷರತ್ತು ಬಂತು. 2004ರ ಡಿಸೆಂಬರ್ 3ರಿಂದ ಇನ್ನೊಂದು ಸೇರಿತು: ಒಬ್ಬರು ಭಾರತೀಯರಾಗಿದ್ದರೆ ಮತ್ತೊಬ್ಬರು ಅಕ್ರಮ ವಲಸಿಗರಾಗಿರಬಾರದು. ನಮ್ಮ ರಾಜ್ಯದ ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಪೌರರು ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಧರ್ಮ, ಭಾಷೆ ಬೇರೆಯಾದರೂ ಪ್ರಶ್ನೆ ಒಂದೇ: ಹುಟ್ಟಿದ ನೆಲದ ಮೇಲೆ ಮನುಷ್ಯನಿಗೆ ಏನು ಹಕ್ಕಿದೆ?

ನಮ್ಮ ಹುಡುಗ ಹುಡುಗಿಯರು ಇಂಜಿನಿಯರಿಂಗ್, ವೈದ್ಯಕೀಯದಂತೆಯೇ ಇತಿಹಾಸ ಮತ್ತು ಕಾನೂನನ್ನೂ ಆರಿಸಿಕೊಳ್ಳಲಿ. ವದಂತಿ ಹಬ್ಬಿದಾಗ ಮನೆಯಲ್ಲಿ ಒಬ್ಬರಿಗಾದರೂ ಕಾಯ್ದೆಯನ್ನು ತೆರೆದು ಓದಲು ಬರಬೇಕು. ಹಿರಿಯರೂ ತಮ್ಮ ಜನನ ಪ್ರಮಾಣಪತ್ರ, ಶಾಲೆಯ ಟಿ.ಸಿ., ಜಮೀನಿನ ಪಹಣಿಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ ಜೋಪಾನವಾಗಿಡಲಿ. ಅಜ್ಜ, ಅಜ್ಜಿ ಯಾವ ಊರಿಂದ ಬಂದರು, ಏಕೆ ಬಂದರು ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಕಾಗದಗಳು ಕಚೇರಿಗೆ ಬೇಕು. ಈ ಕಥೆ ನಾಳೆ ಇತಿಹಾಸ ಕಲಿಯುವ ಮಕ್ಕಳಿಗೆ ಬೇಕು.