ಮಿಕ್ಸಿಯ ಮುತ್ತಜ್ಜ

ಮೊನ್ನೆ ಮಿಕ್ಸಿ ನಿಂತಾಗ ರಿಪೇರಿಯವ್ರು ಒಳಗಿಂದ ಪೆನ್ಸಿಲ್ ತುಂಡಿನಂಥಾ ಕರೀ ಚೂರು ತಗದು ತೋರ್ಸಿದ್ರು. ಕಾರ್ಬನ್ ಬ್ರಷ್ ಸವದಿತ್ತು. ಇಷ್ಟ ಚೂರಿಗೆ ಯಾಕಿಷ್ಟು ಮಹತ್ವ?

ಕಥಿ 1821ರಿಂದ ಶುರು. ಕರೆಂಟ್ ಹರಿಯೋ ತಂತಿ ದಿಕ್ಸೂಚಿ ಮುಳ್ಳನ್ನ ಅಲಗಾಡಸ್ತದ ಅಂತ ಹಿಂದಿನ ವರ್ಷ ಡೆನ್ಮಾರ್ಕಿನ ಅರ್ಸ್ಟೆಡ್ ತೋರ್ಸಿದ್ರು. ಲಂಡನ್ನಿನ ಮೈಕೆಲ್ ಫ್ಯಾರಡೆ, ಕಮ್ಮಾರನ ಮಗ, ಪಾದರಸದ ಬಟ್ಟಲದಾಗ ಆಯಸ್ಕಾಂತ ನಿಲ್ಲಿಸಿ ಮ್ಯಾಲಿಂದ ತಂತಿ ಇಳಿಬಿಟ್ರು. ಬ್ಯಾಟರಿ ಹಚ್ಚಿದ ಕೂಡ್ಲೆ ತಂತಿ ಅದರ ಸುತ್ತ ತಿರಗಲಿಕ್ಕೆ ಹತ್ತಿತು! ಹಿರಿಯ ವಿಜ್ಞಾನಿ ವೊಲಾಸ್ಟನ್ ವಿಚಾರ ಕದ್ದಾರ ಅಂತ ಅಪವಾದಾನೂ ಬಂತು. ಅವರ ಹೆಸರು ಹೇಳದ ಛಾಪ್ಸಿದ್ದು ತಪ್ಪು ಖರೆ, ಕಳವು ಅಲ್ಲ. ವೊಲಾಸ್ಟನ್ ಎಣಿಸಿದ್ದು ತಂತಿ ನಿಂತಲ್ಲೇ ತನ್ನಷ್ಟಕ್ಕ ತಾನು ತಿರಗೋದು.

ಆದ್ರ ಆಯಸ್ಕಾಂತದ ನಡುವ ತಂತಿ ಸುರುಳಿ ಇಟ್ರ, ಉತ್ತರಕ್ಕ ದಕ್ಷಿಣ ಸಿಕ್ಕ ಕೂಡ್ಲೆ ನಿಂತಬಿಡ್ತದ. ಅಲ್ಲೇ ಕರೆಂಟಿನ ದಿಕ್ಕು ಅದಲುಬದಲು ಮಾಡಿದ್ರ ಮತ್ತ ಮುಂದಕ್ಕ ನೂಕತದ. ಅದನ್ನ 1832ರಾಗ ತಮ್ಮ ಮೋಟಾರಿನೊಳಗ ಮಾಡಿದವ್ರು, ಚಪ್ಪಲಿ ಹೊಲಿಯೋದು ಕಲ್ತಿದ್ದ ವಿಲಿಯಂ ಸ್ಟರ್ಜನ್.

ಮಿಕ್ಸಿಯಾಗ ಆ ಕೆಲಸ ತಾಮ್ರದ ಹೋಳುಗಳ ಉರುಳಿಯದು. ಬ್ರಷ್ ಅದಕ್ಕ ಒರಸಿಕೊಂತ ಕರೆಂಟ್ ಮುಟ್ಟಸ್ತದ, ಸವೀತದ. ಕಿಡಿ ಜಾಸ್ತಿ ಹಾರಿ ಮಿಕ್ಸಿ ತಡವರಿಸಿದ್ರ ಹೊಸಾದು ಕೊಳ್ಳೋಕಿಂತ ಮೊದ್ಲ ಬ್ರಷ್ ನೋಡಸ್ರಿ.