ನಾಮನಿರ್ದೇಶನ: ಒಂದು ಸಹಿಯ ಹಿಂದಿನ ಚರಿತ್ರೆ

ನನ್ನ ಬಳಿ ಓದಿದ ಹಲವರು ಇಂದು ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತಿಯ ಹೊಸ್ತಿಲಲ್ಲಿ ನಿಂತಿದ್ದಾರೆ. ಪಿಂಚಣಿಯ ಕಾಗದಪತ್ರಗಳನ್ನು ತುಂಬುವಾಗ ಫೋನು ಮಾಡಿ, ‘ಸರ್, ನಾಮಿನಿ ಅಂತ ಯಾರ ಹೆಸರು ಬರೆಯಲಿ?’ ಎಂದು ಕೇಳುವವರುಂಟು. ಪ್ರಶ್ನೆ ಚಿಕ್ಕದು. ಆದರೆ ವಿಷಯ ನಿರ್ವಾಹಕರು ಒಂದೇ ದಿನ ಮೇಜಿನ ಮೇಲಿಟ್ಟು ಸಹಿ ಹಾಕಿಸಿಕೊಳ್ಳುವ ಆ ನಮೂನೆಗಳು ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ವಿಮೆಯದು ಒಂದು ಕಾಲ, ಭವಿಷ್ಯನಿಧಿಯದು ಇನ್ನೊಂದು, ಕುಟುಂಬ ಪಿಂಚಣಿಯದು ಮತ್ತೊಂದು. ನೋಡಲು ಅಣ್ಣತಮ್ಮಂದಿರಂತಿದ್ದರೂ ಪ್ರತಿಯೊಂದರ ಅರ್ಥ ಬೇರೆ. ಆ ವ್ಯತ್ಯಾಸ ತಿಳಿಯದೆ ಎಷ್ಟೋ ಮನೆಗಳಲ್ಲಿ ಸೂತಕ ಕಳೆಯುವ ಮೊದಲೇ ಜಗಳ ಆರಂಭವಾಗಿದೆ. ನಾನು ಕಾನೂನು ಪಂಡಿತನಲ್ಲ, ಚರಿತ್ರೆ ಬೋಧಿಸಿದವನು. ಆದುದರಿಂದ ಚರಿತ್ರೆಯ ದಾರಿಯಲ್ಲಿಯೇ ಈ ಪ್ರಶ್ನೆಗೆ ಉತ್ತರ ಹುಡುಕುತ್ತೇನೆ.

ಮೊದಲಿಗೆ 1871ನೆಯ ಇಸವಿಗೆ ಹೋಗೋಣ. ಆ ವರ್ಷ ಬ್ರಿಟಿಷ್ ಸರ್ಕಾರ ಪಿಂಚಣಿ ಅಧಿನಿಯಮವನ್ನು ಜಾರಿಗೆ ತಂದಿತು. ಅದರ ದೃಷ್ಟಿಯಲ್ಲಿ ಪಿಂಚಣಿ ಎಂಬುದು ಪ್ರಭುತ್ವದ ಕೃಪೆ. ಪಿಂಚಣಿ ಬರಲಿಲ್ಲವೆಂದು ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಬಾಗಿಲನ್ನು ಅದು ಬಹುಮಟ್ಟಿಗೆ ಮುಚ್ಚಿತು. ಆದರೆ ಅದೇ ಕಾಯಿದೆ ಒಂದು ಉಪಕಾರವನ್ನೂ ಮಾಡಿತು. ಮುಂದೆ ಬರಲಿರುವ ಪಿಂಚಣಿಯನ್ನು ಸಾಲಗಾರನಿಗೆ ಬರೆದುಕೊಟ್ಟರೆ ಆ ಪತ್ರ ಊರ್ಜಿತವಲ್ಲ, ಪಿಂಚಣಿಯನ್ನು ಜಪ್ತಿ ಮಾಡುವಂತೆಯೂ ಇಲ್ಲ ಎಂದು ವಿಧಿಸಿತು. ಮುದುಕನ ಕೈಯ ತುತ್ತನ್ನು ಯಾರೂ ಕಸಿಯಬಾರದೆಂಬ ಕಾಳಜಿ ಅಲ್ಲಿತ್ತು. ಆದರೆ ಅವನು ಸತ್ತ ಮೇಲೆ ಬಾಕಿ ಉಳಿದ ಹಣವನ್ನು ಯಾರಿಗೆ ಕೊಡಬೇಕೆಂದು ಹೇಳುವ ಅವಕಾಶವನ್ನು ಅವನಿಗೆ ಆ ಕಾಯಿದೆ ಕೊಟ್ಟಿರಲಿಲ್ಲ.

ನಮ್ಮ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಬೇರೊಂದು ಹೆಜ್ಜೆಯಿಟ್ಟಿತು. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ 1891ರಲ್ಲಿ, ಸರ್ಕಾರಿ ನೌಕರರಿಗಾಗಿ ಸರ್ಕಾರವೇ ಜೀವವಿಮೆ ಆರಂಭಿಸಿತು. ಇಂದು ನಾವೆಲ್ಲ ‘ಕೆ.ಜಿ.ಐ.ಡಿ.’ ಎಂದು ಕರೆಯುವ ಇಲಾಖೆಯ ಮೂಲ ಅದೇ. ಪಿಂಚಣಿ ನೌಕರನ ಉಸಿರಿರುವವರೆಗಿನ ಮಾತಾದರೆ, ವಿಮೆ ಅವನ ಉಸಿರು ನಿಂತ ಮೇಲಿನ ಮಾತು. ಹೆಂಡತಿ ಮಕ್ಕಳ ಗತಿಯೇನು ಎಂಬ ಚಿಂತೆಯಿಂದ ಹುಟ್ಟಿದ್ದು ಅದು.

ಮುಂದೆ 1925ರಲ್ಲಿ ಭವಿಷ್ಯನಿಧಿ ಅಧಿನಿಯಮ ಬಂದಿತು. ನೌಕರ ತನ್ನ ಸಂಬಳದಿಂದ ಉಳಿಸಿದ ಹಣ ಅದು. ನೌಕರ ಹೆಸರಿಸಿದ ವ್ಯಕ್ತಿಗೆ ಅದನ್ನು ಪಾವತಿ ಮಾಡುವ ಏರ್ಪಾಡು ಈ ಕಾಯಿದೆಯಲ್ಲಿತ್ತು. ಕಚೇರಿಯ ಪಾಲಿಗೆ ಇದೊಂದು ಅನುಕೂಲ. ವಾರಸುದಾರರು ಯಾರೆಂದು ವಿಚಾರಣೆ ಮಾಡುತ್ತ ಕೂರಬೇಕಿಲ್ಲ. ಹೆಸರಿದ್ದವರಿಗೆ ಕೊಟ್ಟರೆ ಋಣ ತೀರಿತು. ಆದರೆ ಪಡೆದುಕೊಂಡವನೇ ಒಡೆಯನೇ? ಈ ಪ್ರಶ್ನೆ ಹಲವು ದಶಕಗಳ ಕಾಲ ನ್ಯಾಯಾಲಯಗಳನ್ನು ಕಾಡಿತು.

ಸ್ವಾತಂತ್ರ್ಯಾನಂತರದ ದೊಡ್ಡ ಬದಲಾವಣೆ 1964ರದು. ಆ ವರ್ಷದ ಜನವರಿ 1ರಿಂದ ಕೇಂದ್ರ ಸರ್ಕಾರಿ ನೌಕರರಿಗೆ ಹೊಸ ಕುಟುಂಬ ಪಿಂಚಣಿ ಯೋಜನೆ ಬಂದಿತು. ಮೈಸೂರು ರಾಜ್ಯದಲ್ಲಿಯೂ 1964ರ ಕುಟುಂಬ ಪಿಂಚಣಿ ನಿಯಮಗಳು ರೂಪುಗೊಂಡವು. ಕೇಂದ್ರದ ಯೋಜನೆಯಲ್ಲಿ ಆರಂಭಕ್ಕೆ ನೌಕರನು ತನ್ನ ಉಪದಾನದಿಂದ ಎರಡು ತಿಂಗಳ ವೇತನದಷ್ಟು ಮೊತ್ತವನ್ನು ಬಿಟ್ಟುಕೊಡಬೇಕಾಗಿತ್ತು. 1977ರಲ್ಲಿ ಆ ಷರತ್ತು ರದ್ದಾಯಿತು. 1964ಕ್ಕಿಂತ ಮೊದಲು ನಿವೃತ್ತರಾದವರ ವಿಧವೆಯರು ಮಾತ್ರ ಹೊರಗುಳಿದಿದ್ದರು. 1985ರಲ್ಲಿ ಪೂನಮಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂಲಕ ಅವರಿಗೂ ಈ ಸೌಲಭ್ಯ ದೊರಕಿತು. ಗಂಡನ ಪಿಂಚಣಿ ಅವನ ಚಿತೆಯೊಂದಿಗೇ ಆರಿಹೋಗುತ್ತಿದ್ದ ಮನೆಗಳಲ್ಲಿ ತಿಂಗಳ ಮೊದಲ ವಾರ ಬರುವ ಆ ಸಣ್ಣ ಮೊತ್ತ ಎಷ್ಟು ದೊಡ್ಡದಾಗಿತ್ತೆಂಬುದನ್ನು ಕಂಡವರೇ ಬಲ್ಲರು.

ಇನ್ನು ಪಿಂಚಣಿ ಕೃಪೆಯೋ ಹಕ್ಕೋ ಎಂಬ ಪ್ರಶ್ನೆ. 1971ರಲ್ಲಿ ಬಿಹಾರದ ಶಿಕ್ಷಣ ಇಲಾಖೆಯ ಅಧಿಕಾರಿ ದೇವಕೀನಂದನ ಪ್ರಸಾದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪಿಂಚಣಿ ಸರ್ಕಾರದ ಮರ್ಜಿಯ ದಾನವಲ್ಲ, ನೌಕರನ ಸ್ವತ್ತು ಎಂದು ಸಾರಿತು. ಒಬ್ಬ ಶಿಕ್ಷಣ ಇಲಾಖೆಯವನು ಹೋರಾಡಿ ಗೆದ್ದದ್ದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ಸಂಗತಿ. ಬಳಿಕ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದ ತೀರ್ಪು ಹೊರಬಿದ್ದಿತು. 1979ರ ಮಾರ್ಚ್ 31ಕ್ಕೆ ಮೊದಲು ನಿವೃತ್ತರಾದವರು, ಅನಂತರ ನಿವೃತ್ತರಾದವರು ಎಂಬ ಭೇದವನ್ನು ಅದು ತಳ್ಳಿಹಾಕಿತು. ಆ ದಿನವನ್ನು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸಲಾಗುತ್ತದೆ.

ಅದೇ 1982ರಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಯಿತು. 1871ರ ಹಳೆಯ ಕಾಯಿದೆಗೆ ಸಂಸತ್ತು ‘12ಎ’ ಎಂಬ ಹೊಸ ಪ್ರಕರಣವನ್ನು ಸೇರಿಸಿತು. ಪಿಂಚಣಿದಾರ ತೀರಿಕೊಂಡಾಗ ಅವನಿಗೆ ಸಲ್ಲಬೇಕಾಗಿ ಉಳಿದ ಬಾಕಿಯನ್ನು, ಅಂದರೆ ಮರಣದ ದಿನದವರೆಗಿನ ಪಿಂಚಣಿ, ಪರಿಷ್ಕರಣೆಯ ವ್ಯತ್ಯಾಸದ ಹಣ ಮುಂತಾದುದನ್ನು, ಅವನು ಹೆಸರಿಸಿದವರು ಪಡೆಯಬಹುದೆಂದು ಅದು ಹೇಳಿತು. ಮರುವರ್ಷ ಅದಕ್ಕೆ ನಿಯಮಗಳೂ ಬಂದವು. ಕೆಲವು ಸಾವಿರ ರೂಪಾಯಿಗಾಗಿ ಮನೆಯವರು ಉತ್ತರಾಧಿಕಾರ ಪ್ರಮಾಣಪತ್ರ ಹಿಡಿದು ಅಲೆಯುವ ಪಾಡು ಇದರಿಂದ ತಪ್ಪಿತು. ನಿವೃತ್ತಿಗೆ ಮುನ್ನ ನೀವು ತುಂಬುವ ಪಿಂಚಣಿ ಬಾಕಿಯ ನಾಮನಿರ್ದೇಶನ ಪತ್ರದ ಹುಟ್ಟು ಇಲ್ಲಿಯದು.

ಈಗ ಹಿಂದಿನ ಪ್ರಶ್ನೆಗೆ ಮರಳೋಣ. ಪಡೆದುಕೊಂಡವನೇ ಒಡೆಯನೇ? 1984ರ ಸರ್ಬತಿ ದೇವಿ ಪ್ರಕರಣದಲ್ಲಿ ಇದಕ್ಕೆ ಉತ್ತರ ಬರೆದವರು ನಮ್ಮ ಮಂಡ್ಯ ಜಿಲ್ಲೆಯಿಂದ ಬಂದು ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯನವರು. ಮೃತನ ವಿಮಾ ಪಾಲಿಸಿಯಲ್ಲಿ ಹೆಂಡತಿಯ ಹೆಸರಿತ್ತು. ತಾಯಿ, ಹೆಂಡತಿ, ಮಗ ಮೂವರೂ ವಾರಸುದಾರರು. ನಾಮಿನಿ ಎಂದರೆ ಹಣ ಸ್ವೀಕರಿಸುವ ಕೈ ಮಾತ್ರ, ಹಣ ವಾರಸುದಾರರೆಲ್ಲರಿಗೂ ಸೇರಿದ್ದು ಎಂದು ತೀರ್ಪಾಯಿತು. 2015ರ ತಿದ್ದುಪಡಿಯು ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ವಿಮೆಯ ನಾಮಿನಿಗಳಾಗಿದ್ದರೆ ಹಣದ ಫಲವೂ ಅವರದೇ ಎಂಬ ಮಾತನ್ನು ಸೇರಿಸಿತು. ಆ ಮಾತಿನ ವ್ಯಾಪ್ತಿಯ ಬಗ್ಗೆ ನ್ಯಾಯಾಲಯಗಳಲ್ಲಿ ಚರ್ಚೆ ನಡೆದಿದೆ.

ಭವಿಷ್ಯನಿಧಿಯ ಬಗ್ಗೆ 2009ರ ಒಂದು ತೀರ್ಪನ್ನು ನೆನೆಯಬೇಕು. ಬ್ಯಾಂಕ್ ನೌಕರನೊಬ್ಬ ಮದುವೆಗೆ ಮೊದಲು ತಾಯಿಯ ಹೆಸರನ್ನು ಬರೆದಿದ್ದ. ಮದುವೆಯಾದ ಮೇಲೆ ಬದಲಿಸುವ ಮುನ್ನವೇ 1990ರಲ್ಲಿ ತೀರಿಕೊಂಡ. ಮಗನನ್ನು ಕಳೆದುಕೊಂಡ ತಾಯಿ ಒಂದು ಕಡೆ, ಗಂಡನನ್ನು ಕಳೆದುಕೊಂಡ ಹೆಂಡತಿ ಇನ್ನೊಂದು ಕಡೆ. ಹಣ ಉತ್ತರಾಧಿಕಾರದ ಕಾನೂನಿನಂತೆ ಹಂಚಿಕೆಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳುವಷ್ಟರಲ್ಲಿ ಹತ್ತೊಂಬತ್ತು ವರ್ಷಗಳು ಉರುಳಿದ್ದವು. ಇಬ್ಬರಲ್ಲಿ ಯಾರನ್ನು ದೂರೋಣ? ಒಂದು ಹಾಳೆಯನ್ನು ಸಕಾಲಕ್ಕೆ ಬದಲಿಸಿದ್ದರೆ ಒಂದೇ ಮನೆಯ ಇಬ್ಬರು ಹೆಂಗಸರು ಪರಸ್ಪರ ವಿರುದ್ಧ ಕಟಕಟೆ ಹತ್ತಬೇಕಾಗಿರಲಿಲ್ಲವೇನೋ.

ಕುಟುಂಬ ಪಿಂಚಣಿಯ ರೀತಿಯೇ ಬೇರೆ. 1991ರ ವಯೊಲೆಟ್ ಐಸಾಕ್ ಪ್ರಕರಣದಲ್ಲಿ ರೈಲ್ವೆ ನೌಕರನೊಬ್ಬ ತನ್ನ ಸಹೋದರನ ಪರವಾಗಿ ಉಯಿಲು ಬರೆದಿಟ್ಟು ತೀರಿಕೊಂಡಿದ್ದ. ಕುಟುಂಬ ಪಿಂಚಣಿ ಮೃತನ ಆಸ್ತಿಯೇ ಅಲ್ಲ, ಅವನು ಬದುಕಿದ್ದಾಗ ಅದರ ಮೇಲೆ ಅವನಿಗೆ ಅಧಿಕಾರವೇ ಇರಲಿಲ್ಲ, ಆದುದರಿಂದ ಉಯಿಲಿನಲ್ಲಿ ಅದನ್ನು ಕೊಡಲು ಬಾರದು ಎಂದು ನ್ಯಾಯಾಲಯ ತೀರ್ಮಾನಿಸಿತು. ನಿಯಮ ಯಾರನ್ನು ಕುಟುಂಬವೆಂದು ಗುರುತಿಸುತ್ತದೆಯೋ ಅವರಿಗೇ ಅದು ಸಲ್ಲಬೇಕು. ಇಲ್ಲಿ ನೌಕರ ಕೊಡುವುದು ಕುಟುಂಬದ ವಿವರವನ್ನೇ ಹೊರತು ದಾನಪತ್ರವನ್ನಲ್ಲ.

ಈ ಕಟ್ಟುನಿಟ್ಟು ಕೆಲವೊಮ್ಮೆ ಕಠಿಣವೂ ಆಗುತ್ತದೆ. ಗಂಡನಿಂದ ನೊಂದು ವಿಚ್ಛೇದನದ ಇಲ್ಲವೇ ಕೌಟುಂಬಿಕ ದೌರ್ಜನ್ಯದ ಮೊಕದ್ದಮೆ ಹೂಡಿದ ಮಹಿಳೆ ತೀರಿಕೊಂಡರೆ ಕುಟುಂಬ ಪಿಂಚಣಿ ಮೊದಲು ಆ ಗಂಡನಿಗೇ ಹೋಗುತ್ತಿತ್ತು. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ತನ್ನ ನಿಯಮವನ್ನು ಸಡಿಲಿಸಿ, ಅಂತಹ ಮಹಿಳಾ ನೌಕರರು ಗಂಡನಿಗಿಂತ ಮೊದಲು ಮಕ್ಕಳ ಹೆಸರನ್ನು ಸೂಚಿಸಲು ಅವಕಾಶ ಕೊಟ್ಟಿತು. ಇದು ಕೇಂದ್ರದ ನೌಕರರಿಗೆ ಸಂಬಂಧಿಸಿದ ನಿಯಮ.

ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಹೊಸ ಪಿಂಚಣಿ ಯೋಜನೆ ಜಾರಿಗೆ ಬಂದಿತು. ಅದಕ್ಕೆ ಒಳಪಟ್ಟವರ ಹಣ ಅವರವರ ಹೆಸರಿನ ಖಾತೆಯಲ್ಲಿ ಕೂಡುತ್ತ ಹೋಗುತ್ತದೆ. ಅವರ ನಾಮನಿರ್ದೇಶನ ನಿವೃತ್ತಿಯ ವರ್ಷದವರೆಗೆ ಕಾಯುವ ವಿಷಯವಲ್ಲ.

ಈ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಕೃಪೆಯಾಗಿದ್ದ ಪಿಂಚಣಿ ಹಕ್ಕಾಗಲು ಒಂದು ನೂರು ವರ್ಷ ಬೇಕಾಯಿತು. ಆ ಹಕ್ಕು ಮನೆಯವರ ಕೈಸೇರುವುದು ಮಾತ್ರ ನಮ್ಮ ಸೇವಾ ಪುಸ್ತಕದಲ್ಲಿರುವ ಕೆಲವು ಹಾಳೆಗಳ ಮೂಲಕ. ಆದುದರಿಂದ, ಪ್ರಿಯ ವಿದ್ಯಾರ್ಥಿಗಳೇ, ನಿವೃತ್ತಿಗೆ ಒಂದೆರಡು ವರ್ಷ ಮೊದಲೇ ಆ ಹಾಳೆಗಳನ್ನು ತೆರೆಸಿ ನೋಡಿರಿ. ಸೇವೆಗೆ ಸೇರಿದಾಗ ಬರೆದ ಹೆಸರು ಈಗಲೂ ಇದೆಯೇ? ಆ ವ್ಯಕ್ತಿ ಬದುಕಿದ್ದಾರೆಯೇ? ಮದುವೆ, ಮಕ್ಕಳ ಜನನ, ಮನೆಯವರ ಮರಣ ಇವೆಲ್ಲ ಅಲ್ಲಿ ದಾಖಲಾಗಿವೆಯೇ? ಹೆಸರಿನ ಕಾಗುಣಿತ ಆಧಾರ್ ಮತ್ತು ಬ್ಯಾಂಕ್ ಪುಸ್ತಕದೊಂದಿಗೆ ಹೊಂದುತ್ತದೆಯೇ? ಪ್ರತಿಯೊಂದು ನಮೂನೆಯ ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿ ಮನೆಯಲ್ಲಿಡಿ. ಇಟ್ಟ ಜಾಗವನ್ನು ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ತಿಳಿಸಿ. ಸಾವಿನ ಮಾತು ಅಮಂಗಳವೆಂದು ನಮ್ಮಲ್ಲಿ ಅನೇಕರು ಇದನ್ನು ಮುಂದೂಡುತ್ತಾರೆ. ನಾವಿಲ್ಲದ ದಿನ ನಮ್ಮವರು ಕಚೇರಿಯ ಕಂಬಕ್ಕೊರಗಿ ಕಾಯುವುದಕ್ಕಿಂತ ಹೆಚ್ಚಿನ ಅಮಂಗಳ ಯಾವುದಿದೆ?

ಎಲ್ಲರಿಗೂ ದೀರ್ಘಾಯುಷ್ಯವಿರಲಿ, ಆ ನಾಮಪತ್ರಗಳು ಬಹುಕಾಲ ಬಳಕೆಗೆ ಬಾರದಿರಲಿ.