ಬೋರ್‌ವೆಲ್ ನೀರಿನ ಮೇಲೆ ಎಣ್ಣೆ ಪದರ ಕಂಡರೆ ಕೆಳಗೆ ಪೆಟ್ರೋಲ್ ಇದೆಯೇ?

ಬೋರ್‌ವೆಲ್ ನೀರಿನ ಮೇಲೆ ಬಣ್ಣಬಣ್ಣದ ಪದರ ತೇಲುವ ವಿಡಿಯೋ, ಜೊತೆಗೆ "ನಮ್ಮ ಹೊಲದಾಗ ಪೆಟ್ರೋಲ್ ಸಿಕ್ಕೇತಿ" ಎಂಬ ಬರಹ. ಇಂಥ ಫಾರ್ವರ್ಡ್ ನಿಜವಿರಬಹುದೇ? ರಾಯಬಾಗ ತಾಲ್ಲೂಕಿನ ಮುಗಳಖೋಡವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚಿಕ್ಕ ಉತ್ತರ: ಸಾಧ್ಯತೆ ಇಲ್ಲವೆಂದೇ ಹೇಳಬಹುದು.

ತೈಲ ಹುಟ್ಟುವುದು ಹೇಗೆ?

ಪೆಟ್ರೋಲಿಯಂ ಡೈನೋಸಾರ್‌ಗಳಿಂದ ಆದದ್ದಲ್ಲ. ಸಮುದ್ರದ ಸೂಕ್ಷ್ಮ ಪಾಚಿ, ಜೀವಿಗಳು ಸತ್ತು ತಳದ ಕೆಸರು ಸೇರುತ್ತವೆ. ಮೇಲೆ ಹೂಳು ಬಿದ್ದಂತೆಲ್ಲ ಆ ಪದರ ಆಳಕ್ಕಿಳಿಯುತ್ತದೆ. ಸಾಮಾನ್ಯವಾಗಿ ಪ್ರತಿ ಕಿಲೋಮೀಟರ್ ಆಳಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಸುಮಾರು 60ರಿಂದ 120 ಡಿಗ್ರಿಯಲ್ಲಿ ಎಣ್ಣೆ ಹುಟ್ಟುತ್ತದೆ. ಇನ್ನೂ ಬಿಸಿಯಾದರೆ ಅನಿಲವಾಗುತ್ತದೆ.

ಬೆಲ್ಲ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಉರಿ ಸಾಲದಿದ್ದರೆ ಕಬ್ಬಿನ ಹಾಲು ಪಾಕಕ್ಕೆ ಬರುವುದಿಲ್ಲ, ಹೆಚ್ಚಾದರೆ ಸೀಯುತ್ತದೆ. ತೈಲಕ್ಕೂ ಹಾಗೆಯೇ ಹದ ಬೇಕು. ಆದರೆ ಇಲ್ಲಿ ಪಾಕ ಬರಲು ಲಕ್ಷಾಂತರ, ಕೋಟ್ಯಂತರ ವರ್ಷಗಳೇ ಬೇಕು. ಪದರ ಎಷ್ಟು ಆಳಕ್ಕೆ ಹೋಯಿತು, ಯಾವಾಗ ಹೋಯಿತು, ಎಷ್ಟು ಕಾಲ ಅಲ್ಲಿತ್ತು ಎಂಬ ಚರಿತ್ರೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಹುಟ್ಟಿದ ಎಣ್ಣೆ ಮೇಲಕ್ಕೇರುತ್ತದೆ. ಅಷ್ಟರೊಳಗೆ ಅದನ್ನು ತಡೆಯುವ ಬಿಗಿಯಾದ ಕಲ್ಲಿನ ಮುಚ್ಚಳ ಸಿದ್ಧವಿರಬೇಕು.

ಕಲ್ಲು ಒಂದೇ, ಚರಿತ್ರೆ ಬೇರೆ

ರಾಯಬಾಗ ಭಾಗದ ಎರೆಮಣ್ಣಿನ ಕೆಳಗಿರುವ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಮುಂಬೈ ತೀರದಾಚೆ ಸಮುದ್ರದಡಿಯಲ್ಲೂ ಬಹಳ ಕಡೆ ಇದೇ ಕಲ್ಲಿದೆ. ಅಲ್ಲಿ ನೆಲ ಕುಸಿಯಿತು, ಅದರ ಮೇಲೆ ಕಿಲೋಮೀಟರ್‌ಗಟ್ಟಲೆ ಹೂಳು ತುಂಬಿತು, ತಳದ ಕೆಸರು ಬೆಂದು ಎಣ್ಣೆಯಾಯಿತು. 1974ರಲ್ಲಿ ಮುಂಬೈನಿಂದ ಸುಮಾರು 160 ಕಿ.ಮೀ. ದೂರದ ಬಾಂಬೆ ಹೈನಲ್ಲಿ ಓಎನ್‌ಜಿಸಿ ಕಂಡುಕೊಂಡದ್ದು ಆ ಎಣ್ಣೆಯನ್ನೇ. ನಮ್ಮಲ್ಲಿ ಲಾವಾದ ಮೇಲೆ ಸಮುದ್ರ ಬರಲೇ ಇಲ್ಲ. ಕೆಲವೇ ನೂರು ಅಡಿಯ ಬೋರ್‌ವೆಲ್‌ನಲ್ಲಿ ಎಣ್ಣೆ ಹುಟ್ಟುವಷ್ಟು ಬಿಸಿಯೂ ಇರುವುದಿಲ್ಲ.

ಹಾಗಾದರೆ ಆ ಪದರ ಏನು?

ಒಂದು ಕಡ್ಡಿಯಿಂದ ಪದರವನ್ನು ಕಲಕಿ ನೋಡಿ:

- ಗಾಜಿನಂತೆ ಚೂರಾಗಿ ಹಾಗೇ ಉಳಿದರೆ, ಹೆಚ್ಚಾಗಿ ಅದು ಕಬ್ಬಿಣದ ಅಂಶವಿರುವ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಪದರ.
- ಮತ್ತೆ ಕೂಡಿಕೊಂಡರೆ ಎಣ್ಣೆ ಇರಬಹುದು. ಮೋಟಾರ್ ಆಯಿಲ್ ಅಥವಾ ಡೀಸೆಲ್ ಸೋರಿಕೆಯನ್ನು ಮೊದಲು ಹುಡುಕಿ.

ಇದು ಅಂದಾಜಿನ ಪರೀಕ್ಷೆ ಮಾತ್ರ. ಇಂಧನದ ವಾಸನೆ ಬಂದರೆ ಬೆಂಕಿಕಡ್ಡಿ ಗೀರಿ ನೋಡಬೇಡಿ, ಆ ನೀರು ಕುಡಿಯಬೇಡಿ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. "ನಿಮ್ಮ ಹೊಲದಲ್ಲಿ ಎಣ್ಣೆ ಇದೆ" ಎಂದು ಮುಂಗಡ ಕೇಳುವವರಿಗೆ ಹಣವನ್ನೂ ಕೊಡಬೇಡಿ, ಸಹಿಯನ್ನೂ ಹಾಕಬೇಡಿ.